ಎಂದೋರಿನವಳ ರೊಟ್ಟಿ

ಲೂಯಿಸ್ ದ್ವೀಪದ ಈ ಪಡುವಣ ತುದಿಗೆ
ಲೈಬ್ರರಿಯ ವ್ಯಾನು ಮೂರು ವಾರಕ್ಕೊಮ್ಮೆ ಬರುತ್ತದೆ,
ಗಾಳಿ ಬಿಟ್ಟರೆ.
ಟೈರಿನ ಕೆಳಗೆ ಎರಡು ಕಲ್ಲು ಕೊಟ್ಟು
ಡೋಲಿನಾ ಮೆಟ್ಟಿಲು ಇಳಿಬಿಡುತ್ತಾಳೆ.
ಮಾರ್ಸಲಿ ಹೋದ ಸಲ ಅಲ್ಲಿಂದ ತಂದದ್ದು
ಇಟ್ಟಿಗೆಯಷ್ಟು ದಪ್ಪದ ಪುಸ್ತಕ:
ಮುಖಪುಟದಲ್ಲಿ ಹುಡುಗಿ, ಅವಳ ಕೈಯಲ್ಲೊಂದು ಕಡ್ಡಿ,
ಕಡ್ಡಿಯ ತುದಿಗೆ ಹಸಿರು ಬೆಂಕಿ.

ನನಗದು ಸಿಕ್ಕಿದ್ದು ಕೋಳಿಗೂಡಿನಲ್ಲಿ,
ಹುಲ್ಲಿನಡಿ, ಇನ್ನೂ ಬೆಚ್ಚಗೆ.
ಮೇಲೊಂದು ಮೊಟ್ಟೆ ಇತ್ತು.

ಸಭೆಯ ಹಿರಿಯ ಇವಾಂಡರ್ ಹೇಳಿದ್ದು ನೆನಪಿತ್ತು:
ಸೈತಾನನಿಗೆ ಕಿಟಕಿ ಸಾಕು, ಬಾಗಿಲು ಬೇಕಿಲ್ಲ.
ಇವಾಂಡರ್ ಕೆಟ್ಟವನಲ್ಲ. ನನ್ನಪ್ಪನ ದೋಣಿ ಮರಳದೆ ಹೋದಾಗ
ಮೂರು ದಿನ ನಮ್ಮ ಅಡುಗೆಮನೆಯಲ್ಲಿ ಕೂತು
ಬಾಯಿಬಿಡದೆ ಆಲೂಗಡ್ಡೆ ಸುಲಿದವನು.
ಅಂಥವನ ಮಾತನ್ನು ಗಾಳಿಗೆ ತೂರುವುದು ಹೇಗೆ?

ಒಲೆಯ ಮುಚ್ಚಳ ತೆಗೆದೆ. ಜವುಗಿನಿಂದ ಕೊಯ್ದು ಒಣಗಿಸಿದ ಹೆಂಟೆ
ಒಳಗೆ ನಿಗಿನಿಗಿ ಕೆಂಡ.
ಪುಸ್ತಕ ಬಿಚ್ಚಿದರೆ ಮೊದಲ ಹಾಳೆಯಲ್ಲೇ ನೇರಳೆ ಮುದ್ರೆ,
ಕೌನ್ಸಿಲಿನ ಸ್ವತ್ತು, ಹಿಂದಿರುಗಿಸಬೇಕಾದ ತಾರೀಕು.
ಪರರ ಸೊತ್ತು ಸುಡುವುದು ಯಾವ ಆಜ್ಞೆಯ ಕೆಳಗೆ ಬರುತ್ತದೆಂದು
ಮುಚ್ಚಳ ಹಿಡಿದೇ ಲೆಕ್ಕ ಹಾಕಿದೆ.
ಎಂಟನೆಯದು.
ಒಲೆ ಮುಚ್ಚಿದೆ.

ಮಗ್ಗದ ಕೊಟ್ಟಿಗೆಯಿಂದ ಬಂದ ಶೋನಾಗ್ ಎಲ್ಲ ನೋಡಿದಳು,
ಹಲ್ಲಲ್ಲಿ ಉಣ್ಣೆಯ ಎಳೆ ಕಡಿದಳು.
"ನಿಮ್ಮಜ್ಜಿ ಹಸುವಿನ ಬಾಲಕ್ಕೆ ಕೆಂಪು ದಾರ ಕಟ್ಟುತ್ತಿದ್ದರಂತಲ್ಲ,
ದೃಷ್ಟಿಗೆ?"
"ಅದು ಬೇರೆ."
"ಬೇರೆಯೇ ಇರಲಿ."

ಮಲಗುವ ಮುಂಚಿನ ಮನೆಪ್ರಾರ್ಥನೆಗೆ ನಮ್ಮಲ್ಲಿ
'ಪುಸ್ತಕ ತೆಗೆಯುವುದು' ಅನ್ನುತ್ತಾರೆ.
ಯಾವ ಪುಸ್ತಕ ಎಂದು ಈವರೆಗೆ ಯಾರೂ ಕೇಳಿರಲಿಲ್ಲ.
ನಿನ್ನೆ ಬಿಟ್ಟಲ್ಲಿಂದ ಇಂದು; ಆರಿಸುವ ಹಾಗಿಲ್ಲ.
ಸಮುವೇಲನ ಮೊದಲ ಪುಸ್ತಕ, ಇಪ್ಪತ್ತೆಂಟನೆಯ ಅಧ್ಯಾಯ:
ಅರಸ ಸೌಲ ವೇಷ ಮರೆಸಿಕೊಂಡು ರಾತ್ರೋರಾತ್ರಿ
ಎಂದೋರಿನ ಮಾಟಗಾತಿಯ ಮನೆ ಹೊಕ್ಕ.
ನೆಲದೊಳಗಿಂದ ಎದ್ದು ಬಂದ ಮುದುಕ, ಮೈತುಂಬ ನಿಲುವಂಗಿ.
ಚಿಮಣಿಯಲ್ಲಿ ಗಾಳಿ ಊಳಿಟ್ಟಿತು, ಬೇಕಂತಲೇ.
ಮಾರ್ಸಲಿ ಕಾಲು ಮಡಚಿ ಕೂತಿದ್ದಳು, ಬಾಯಿ ತೆರೆದು.
ಕೋಳಿಗೂಡಿನಲ್ಲೂ ಹೀಗೇ ಕೂತಿದ್ದಳೇನೋ.

ಮೊಣಕಾಲೂರುವ ಹೊತ್ತಿಗೆ ಕೇಳಿದಳು:
"ಅಪ್ಪಾ, ಅವನು ನಾಳೆ ಸಾಯ್ತಾನೆ ಅಂತ ಅವಳಿಗೆ ಗೊತ್ತಾಯ್ತಲ್ವಾ?"
"ಹೂಂ."
"ಆಮೇಲೂ ಕರು ಕಡಿದು, ರೊಟ್ಟಿ ಸುಟ್ಟು ಬಡಿಸಿದಳಲ್ವಾ?"
"ಹಾಗೇ ಬರೆದಿದೆ."
"ಅವಳ ಹತ್ರ ಇದ್ದದ್ದು ಅದೊಂದೇ ಕರು ಇರಬೇಕು."

ಇಷ್ಟು ವರ್ಷ ಓದಿದ್ದೇನೆ. ಅಪ್ಪ ಓದುವಾಗ ಕೇಳಿದ್ದೇನೆ.
ಮಾಟ ಕಂಡಿದೆ, ಅರಸನ ಪಾಪ ಕಂಡಿದೆ,
ಕರು ಕಂಡಿರಲಿಲ್ಲ.

ಎಲ್ಲರೂ ಮಲಗಿದ ಮೇಲೆ ಪುಸ್ತಕ ತೆಗೆದೆ,
ಕೋಳಿಗೂಡಿನದ್ದು.
ಪರೀಕ್ಷಿಸುವುದಕ್ಕೆ, ಎಂದು ನನಗೇ ಹೇಳಿಕೊಂಡೆ.
ಎಪ್ಪತ್ತನೆಯ ಪುಟದಲ್ಲಿ
ಡ್ರ್ಯಾಗನ್ನಿಗೆ ಅಷ್ಟು ಸುಲಭಕ್ಕೆ ಕರುಣೆ ಹುಟ್ಟಬಾರದಿತ್ತು.
ಬೋಟಿನ ಬಗ್ಗೆ ಬರೆದದ್ದೆಲ್ಲ ತಪ್ಪು, ಹಗ್ಗಕ್ಕೆ ಹೆಸರೇ ಗೊತ್ತಿಲ್ಲ.
ಆದರೆ ಆ ಹುಡುಗಿಯ ಅಪ್ಪ ಸಮುದ್ರದಲ್ಲಿ ಕಳೆದವನು.
ಕಡ್ಡಿ ಎತ್ತಿ ಅವನ ಹೆಸರು ಕೂಗುತ್ತಾಳೆ. ಸಮುದ್ರ
ಏನನ್ನೂ ಕೊಡುವುದಿಲ್ಲ. ಬರೆದವರು ಯಾರೋ,
ಅಲ್ಲಿ ಸುಳ್ಳು ಹೇಳಿಲ್ಲ.

ನನಗಾಗ ಹತ್ತೊಂಬತ್ತು. ಒಳಗೆ ಇವಾಂಡರ್ ಆಲೂಗಡ್ಡೆ ಸುಲಿಯುತ್ತಿದ್ದ,
ಹಿತ್ತಲ ಬಂಡೆಯ ಮೇಲೆ ನಿಂತು ನಾನೂ ಕೂಗಿದ್ದೆ.
ಪ್ರಾರ್ಥನೆಯಲ್ಲ ಅದು. ಏನೆಂದು
ಇಂದಿಗೂ ಯಾರಿಗೂ ಹೇಳಿಲ್ಲ.

ಬೆಳಗಿನ ಜಾವ ಟಾರ್ಚು ಹಿಡಿದು ಹೋಗಿ
ಹುಲ್ಲಿನಡಿ ಮತ್ತೆ ಇಟ್ಟು ಬಂದೆ.
ಕೋಳಿ ಒಂದು ಕಣ್ಣು ತೆರೆದು ನೋಡಿ ಮುಚ್ಚಿತು.
ಇವಾಂಡರನಿಗೆ ಏನು ಹೇಳುವುದೋ ಗೊತ್ತಿಲ್ಲ.
ತಾರೀಕಿಗೆ ಇನ್ನೂ ಎಂಟು ದಿನ ಇದೆ.
ಇನ್ನೂರ ಹನ್ನೆರಡನೆಯ ಪುಟದ ಕಿವಿ ಮಡಚಿದ್ದು ಮಾತ್ರ
ನನ್ನದೇ ತಪ್ಪು,
ಅವಳು ಅದಕ್ಕಿಂತ ಬಹಳ ಹಿಂದೆ ಇದ್ದಾಳೆ.